ಇಗತಪುರಿಯಲ್ಲಿ ಪೋಲೆಂಡಿನವರ ಹಬ್ಬ

ಹೊರನಾಡಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ನವೆಂಬರ್ ಎಂದರೆ ರಾಜ್ಯೋತ್ಸವದ ತಿಂಗಳು. ಸಭಾಗೃಹ ಯಾವ ಭಾನುವಾರ ಸಿಕ್ಕುವುದೋ ಅದೇ ನಮ್ಮ ನವೆಂಬರ್ ಒಂದನೆಯ ತಾರೀಖು. ಮಕ್ಕಳ ನೃತ್ಯ, ಹಿರಿಯರ ಭಾಷಣ, ಕೊನೆಗೆ ಬಿಸಿಬೇಳೆ ಭಾತು. ಈ ಕ್ರಮ ವಾಚಕರಿಗೆ ಹೊಸದಲ್ಲ. ಇದೇ ತಿಂಗಳ 11ರಂದು ಯುರೋಪಿನ ಪೋಲೆಂಡ್ ದೇಶದವರೂ ತಮ್ಮ ನಾಡಹಬ್ಬ ಮಾಡುತ್ತಾರೆ. ಇದು ನಮಗೆ ತಿಳಿದದ್ದು ಪುಸ್ತಕದಿಂದಲ್ಲ. 2018ರಲ್ಲಿ ಇಗತಪುರಿಯ ಒಂದು ಮನೆಯ ಜಗಲಿಯಲ್ಲಿ ಅತಿಥಿಗಳಾಗಿ ಕುಳಿತು. ಆ ದಿನದ ಸಂಗತಿಯನ್ನೂ, ಅದರಿಂದ ನಮ್ಮ ರಾಜ್ಯೋತ್ಸವದಲ್ಲಿ ಆದ ಒಂದು ಸಣ್ಣ ಬದಲಾವಣೆಯನ್ನೂ ಇಲ್ಲಿ ಬರೆದಿದ್ದೇವೆ.

ಆ ವರ್ಷ ದೀಪಾವಳಿ ನವೆಂಬರ್ ಮೊದಲ ವಾರದಲ್ಲೇ ಬಂದಿತ್ತು. ಮಕ್ಕಳಿಗೆ ರಜೆ. ಕಲ್ಯಾಣದ ಕಡೆಯ ನಾವು ಮೂರು ಮನೆಯವರು ಸೇರಿ ಇಗತಪುರಿಯಲ್ಲಿರುವ ಅಕ್ಕನ ಮನೆಗೆ ಹೊರಟೆವು. ಭಾವನವರು ಅಲ್ಲಿ ರೈಲ್ವೆಯಲ್ಲಿದ್ದರು. ಕಲ್ಯಾಣದಿಂದ ಇಗತಪುರಿಗೆ 80 ಕಿಲೋಮೀಟರಿಗೆ ತುಸು ಹೆಚ್ಚು. ಕಸಾರದವರೆಗೆ ಗಾಡಿ ಸರಾಗವಾಗಿ ಓಡುತ್ತದೆ. ಅಲ್ಲಿ ಗಾಡಿಯ ಹಿಂಭಾಗಕ್ಕೆ ಬೇರೆ ಎಂಜಿನುಗಳನ್ನು ಜೋಡಿಸುತ್ತಾರೆ. ಮುಂದಿನದು ಎಳೆಯಬೇಕು, ಹಿಂದಿನವು ನೂಕಬೇಕು. 37 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರುವ ಕಡಿದಾದ ಘಟ್ಟ ಅದು. ಥಳ ಘಾಟ್ ಎಂಬ ಈ ದಾರಿ 1865ರಲ್ಲಿ ತೆರೆಯಿತು. ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗುವುದು, ಎಣಿಕೆ ತಪ್ಪಿ ಜಗಳವಾಡುವುದು, ಹೊರಗೆ ಕಣಿವೆ ಕಂಡೊಡನೆ ಜಗಳ ಮರೆಯುವುದು, ಹೀಗೆ ಘಟ್ಟ ಮುಗಿಯಿತು.

ಇಗತಪುರಿ ಸಹ್ಯಾದ್ರಿಯ ಅಂಚಿನ ಊರು. ಮಳೆಗಾಲದಲ್ಲಿ ಅಲ್ಲಿ ಮೋಡ ಮನೆಯೊಳಕ್ಕೇ ಬರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಒಗೆದ ಬಟ್ಟೆ ಒಣಗಿಸಲು ಒಲೆಯ ಆಸರೆ ಬೇಕಂತೆ. ನವೆಂಬರಿನಲ್ಲಿ ಹಾಗಲ್ಲ. ಹುಲ್ಲು ಮಾಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಬೆಳಗಿನ ಚಳಿ ಹಿತವಾಗಿರುತ್ತದೆ. ಮಹಾರಾಷ್ಟ್ರದಲ್ಲೆಲ್ಲ ಎತ್ತರವಾದ 1646 ಮೀಟರಿನ ಕಳಸೂಬಾಯಿ ಶಿಖರ ಇರುವುದೂ ಈ ಸೀಮೆಯ ಬೆಟ್ಟಸಾಲಿನಲ್ಲೇ. ಸ್ಟೇಷನ್ನಿನ ಬಟಾಟೆ ವಡೆಯ ವಿಷಯ ಬರೆಯತೊಡಗಿದರೆ ಅದೇ ಒಂದು ಲೇಖನವಾದೀತು.

ಊರಿನ ಜನಕ್ಕೆ ಪರದೇಶದವರು ಅಪರೂಪವಲ್ಲ. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿ, 1969ರಲ್ಲಿ ಭಾರತಕ್ಕೆ ಬಂದ ಸತ್ಯನಾರಾಯಣ ಗೋಯೆಂಕಾ ಅವರು 1976ರಲ್ಲಿ ಇಲ್ಲಿ ಧಮ್ಮಗಿರಿ ಎಂಬ ವಿಪಶ್ಯನಾ ಕೇಂದ್ರವನ್ನು ಸ್ಥಾಪಿಸಿದರು. ಹತ್ತು ದಿನ ಮೌನದಿಂದಿದ್ದು ಧ್ಯಾನ ಕಲಿಯಲು ನಾನಾ ದೇಶದವರು ಬರುತ್ತಾರೆ. ಮೌನ ಮುಗಿದ ಮೇಲೆ ಅವರಿಗೆ ಎಷ್ಟು ಮಾತಾಡಿದರೂ ಸಾಲದೆಂದು ಭಾವನವರ ನಗೆಮಾತು.

ಅಕ್ಕನ ಪಕ್ಕದ ಮನೆಯ ಮಹಡಿಯನ್ನು ಆ ತಿಂಗಳು ಅಂಥ ದಂಪತಿಗಳೇ ಬಾಡಿಗೆಗೆ ಹಿಡಿದಿದ್ದರು. ಅರುವತ್ತು ದಾಟಿದ ಪೋಲೆಂಡಿನವರು. ಗಂಡ ಮಿತಭಾಷಿ, ಹೆಂಡತಿ ಆ ಕೊರತೆಯನ್ನು ತುಂಬುವವರು. ನಾವು ಹೋದ ಮರುದಿನ ಆಕೆ ಅಕ್ಕನ ಅಡಿಗೆಮನೆಯ ಬಾಗಿಲಿಗೆ ಬಂದು, ಅಂಗೈಯಲ್ಲಿ ಎರಡು ಚಿಟಿಕೆಯಷ್ಟು ಏನನ್ನೋ ತೋರಿಸಿ, "ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಇನ್ನೂ ಬೇಕಿತ್ತು" ಎಂದರು. ನೋಡಿದರೆ ಗಸಗಸೆ! ಅವರ ಪೊಜ್ನಾನ್ ಪಟ್ಟಣದಲ್ಲಿ ನವೆಂಬರ್ 11ರಂದು ಬಿಳಿ ಗಸಗಸೆಯ ಹೂರಣ ತುಂಬಿ, ಅರ್ಧಚಂದ್ರದ ಆಕಾರದಲ್ಲಿ ಮಡಿಚಿ ಬೇಯಿಸಿದ ಸಿಹಿರೊಟ್ಟಿ ಇಲ್ಲದೆ ದಿನವೇ ಆಗುವುದಿಲ್ಲವಂತೆ. ಅದು ಸಂತ ಮಾರ್ಟಿನ್ ಅವರ ಹಬ್ಬವೂ ಹೌದು, ದೇಶದ ಸ್ವಾತಂತ್ರ್ಯದಿನವೂ ಹೌದು. ಅಕ್ಕ ಡಬ್ಬಿಯನ್ನೇ ಅವರ ಕೈಗಿತ್ತಳು. ಪ್ರತಿಯಾಗಿ ಆಮಂತ್ರಣ ಬಂತು. "ಭಾನುವಾರ ನಾಲ್ಕು ಗಂಟೆಗೆ ಎಲ್ಲರೂ ಬರಬೇಕು. ಮಕ್ಕಳೂ ಬರಬೇಕು. ನಾಲ್ಕೂವರೆಗೆ ಮುಂಚೆ ಬರಲೇಬೇಕು."

ಇನ್ನೊಂದು ದೇಶದವರ ರಾಷ್ಟ್ರೀಯ ಹಬ್ಬಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ? ದೀಪಾವಳಿಗೆಂದು ಕರಿದಿಟ್ಟ ಕರ್ಚಿಕಾಯಿ ಇನ್ನೂ ಒಂದು ಡಬ್ಬಿ ಇತ್ತು. ಅದನ್ನೇ ಒಯ್ದೆವು. ಮೇಜಿನ ಮೇಲೆ ನೋಡಿದರೆ ನಮ್ಮ ಕರ್ಚಿಕಾಯಿಯ ಒಡಹುಟ್ಟಿದಂತಿದ್ದ ತಿಂಡಿ! ಅದೇ ಅರ್ಧಚಂದ್ರ, ಅದೇ ಅಂಚಿನ ಮಡಿಕೆ. ಪಿಯೆರೋಗಿ ಎಂದು ಅದರ ಹೆಸರು. ಒಳಗೆ ಆಲೂಗಡ್ಡೆ ಮತ್ತು ಪನೀರು. ಎಣ್ಣೆಯಲ್ಲಿ ಕರಿಯದೆ ನೀರಿನಲ್ಲಿ ಬೇಯಿಸಿದ್ದು. ಪಕ್ಕದಲ್ಲಿ ಬೀಟ್‌ರೂಟಿನ ಕೆಂಪು ಸಾರು. ಗಸಗಸೆಯ ರೊಟ್ಟಿಯನ್ನು ಊರಿನ ಬೇಕರಿಯವನ ಭಟ್ಟಿಯಲ್ಲಿ ಬೇಯಿಸಿ ತಂದಿದ್ದರು. ನಮ್ಮ ಹೆಂಗಸರು ಗಸಗಸೆ ಪಾಯಸದ ವಿಧಾನ ಹೇಳಿದರು. ಆಕೆ ಚೀಟಿಯಲ್ಲಿ ಬರೆದುಕೊಂಡರು. ಎರಡು ದೇಶಗಳ ಸಂಬಂಧ ಇಷ್ಟು ಬೇಗ ಕುದುರಿದ್ದನ್ನು ನಾವು ನೋಡಿರಲಿಲ್ಲ.

ಆಕೆ ಎಲ್ಲರ ಎದೆಗೂ ಬಿಳಿ ಮತ್ತು ಕೆಂಪು ಪಟ್ಟಿಯ ಹೂವನ್ನು ಚುಚ್ಚಿದರು. ಗೋಡೆಯ ಮೇಲೆ ಬಾವುಟ: ಮೇಲೆ ಬಿಳಿ, ಕೆಳಗೆ ಕೆಂಪು. ನಮ್ಮ ಗುಂಪಿನ ಆರು ವರ್ಷದ ಹುಡುಗಿ ಅದನ್ನು ನೋಡಿ, "ನಮ್ಮದರಲ್ಲೂ ಕೆಂಪು ಕೆಳಗೇ ಇದೆ" ಎಂದಳು. ಹಳದಿ-ಕೆಂಪಿನ ನಮ್ಮ ಬಾವುಟದ ಮಾತು ಹಾಗೆ ಆ ಮನೆಯಲ್ಲಿ ಬಂತು.

ನಾಲ್ಕೂವರೆಯ ಗುಟ್ಟು ಆಮೇಲೆ ತಿಳಿಯಿತು. 1918ರಲ್ಲಿ ಸ್ವಾತಂತ್ರ್ಯ ಬಂದು ಆ ದಿನಕ್ಕೆ ಸರಿಯಾಗಿ ನೂರು ವರ್ಷ. ಪೋಲೆಂಡಿನ ಊರೂರಲ್ಲೂ ಮಧ್ಯಾಹ್ನ ಹನ್ನೆರಡಕ್ಕೆ ಜನ ಎದ್ದು ನಿಂತು ಒಟ್ಟಿಗೆ ರಾಷ್ಟ್ರಗೀತೆ ಹಾಡುವುದೆಂದು ನಿಶ್ಚಯವಾಗಿತ್ತು. ವಾರ್ಸಾದ ಹನ್ನೆರಡು ಎಂದರೆ ನಮ್ಮ ನಾಲ್ಕೂವರೆ. ಗಡಿಯಾರ ನೋಡಿ ನಾಲ್ವರು ಎದ್ದು ನಿಂತರು: ಆ ದಂಪತಿಗಳು, ಧ್ಯಾನಕ್ಕೆಂದು ಬಂದಿದ್ದ ಅವರ ದೇಶದ ಇಬ್ಬರು ತರುಣರು. ನಾವೂ ನಿಂತೆವು. ಮನೆಯ ಯಜಮಾನರಾದ ಮರಾಠಿ ಗೃಹಸ್ಥರೂ ಮನೆಮಂದಿಯೊಡನೆ ನಿಂತರು. ವಾದ್ಯವಿಲ್ಲ, ಧ್ವನಿವರ್ಧಕವಿಲ್ಲ. ಕುಣಿತಕ್ಕೆ ಹೊಂದುವಂಥ ಚುರುಕಾದ ಧಾಟಿ. ಕೆಳಗೆ ಒಂದು ಗೂಡ್ಸ್ ಗಾಡಿ ಕೂಗಿತು, ಅವರು ನಿಲ್ಲಿಸಲಿಲ್ಲ.

ಆ ಗೀತೆ ಹುಟ್ಟಿದ್ದು ಪೋಲೆಂಡಿನಲ್ಲಲ್ಲ. 1772, 1793, 1795, ಈ ಮೂರು ಸಲ ರಷ್ಯ, ಪ್ರಷ್ಯಗಳೂ, 1793ರ ಹೊರತು ಉಳಿದೆರಡು ಸಲ ಆಸ್ಟ್ರಿಯವೂ ಆ ದೇಶವನ್ನು ಹಂಚಿಕೊಂಡವು. ಮೂರನೆಯ ಸಲಕ್ಕೆ ಭೂಪಟದಲ್ಲಿ ಪೋಲೆಂಡ್ ಎಂಬ ಹೆಸರೇ ಉಳಿಯಲಿಲ್ಲ. ನಾಡು ಕಳೆದುಕೊಂಡ ಸೈನಿಕರು ಇಟಲಿಯಲ್ಲಿ ಸೇನಾನಿ ದೊಂಬ್ರೋವ್‌ಸ್ಕಿಯ ಕೈಕೆಳಗೆ ದಂಡು ಕಟ್ಟಿಕೊಂಡಿದ್ದಾಗ, 1797ರಲ್ಲಿ, ಯುಜೆಫ್ ವಿಬಿತ್ಸ್ಕಿ ಅವರಿಗಾಗಿ ಬರೆದ ಹಾಡು ಅದು. ಹಾಡು ಹುಟ್ಟಿ 121 ವರ್ಷಕ್ಕೆ ದೇಶ ಮರಳಿ ಬಂತು. 1927ರಲ್ಲಿ ಅದು ಅಧಿಕೃತ ರಾಷ್ಟ್ರಗೀತೆಯಾಯಿತು. ಪರದೇಶದ ಬಿಡಾರದಲ್ಲಿ ಹುಟ್ಟಿದ ಹಾಡು ಒಂದು ದೇಶಕ್ಕೆ ರಾಷ್ಟ್ರಗೀತೆಯಾದ ಈ ಸಂಗತಿ ಹೊರನಾಡಿನವರಾದ ನಮಗೆ ಬಹಳ ಹಿಡಿಸಿತು.

ಆ ಜಗಲಿಯಲ್ಲಿ ಇನ್ನೊಬ್ಬ ಅತಿಥಿ ಇದ್ದರು. ಜರ್ಮನಿಯ ಮಹಿಳೆ, ಅವರೂ ಧ್ಯಾನ ಮುಗಿಸಿ ಬಂದವರು. ಯಜಮಾನರು ಅವರನ್ನು ತಮ್ಮ ಬಲಕ್ಕೆ ಕೂಡಿಸಿ ಮೊದಲ ತಟ್ಟೆಯನ್ನು ಅವರಿಗೇ ಕೊಟ್ಟರು. ನಮ್ಮ ದೊಡ್ಡ ಹುಡುಗ ಹೈಸ್ಕೂಲಿನವನು, ಚರಿತ್ರೆ ಓದಿದವನು. ಅವನು ಪಿಸುದನಿಯಲ್ಲಿ, "ಜರ್ಮನರು ಇವರ ಶತ್ರುಗಳಲ್ಲವೇನಮ್ಮ?" ಎಂದು ಕೇಳಿದ. ಕನ್ನಡದಲ್ಲೇ ಕೇಳಿದ್ದು, ಆದರೂ 'ಜರ್ಮನ್' ಎಂಬ ಶಬ್ದ ಯಾರಿಗೆ ತಿಳಿಯದು? ಎಲ್ಲರೂ ಅವನತ್ತ ತಿರುಗಿದರು. ಅವನ ತಾಯಿಗೆ ಸಂಕೋಚವಾಯಿತು.

ಮನೆಯಾಕೆ ನಕ್ಕು, ಅವನ ಪ್ರಶ್ನೆಯನ್ನು ಕೇಳಿ ತಿಳಿದುಕೊಂಡು, ಉತ್ತರವಾಗಿ ತಮ್ಮ ಸೀಮೆಯ ಒಂದು ಕಥೆ ಹೇಳಿದರು. ಪೊಜ್ನಾನಿನ ಹತ್ತಿರ ವ್‌ಜೆಶ್ನ್ಯಾ ಎಂಬ ಊರಿದೆ. ಅದು ಪ್ರಷ್ಯದ ಆಳಿಕೆಗೆ ಸೇರಿತ್ತು. 1901ರಲ್ಲಿ ಅಲ್ಲಿಯ ಶಾಲೆಯಲ್ಲಿ ಧರ್ಮಪಾಠವನ್ನೂ ಜರ್ಮನ್ ಭಾಷೆಯಲ್ಲೇ ಕಲಿಯಬೇಕೆಂದು ಕಟ್ಟಳೆಯಾಯಿತು. ಮಕ್ಕಳು ಒಪ್ಪಲಿಲ್ಲ. ಮನೆಯಲ್ಲಿ ತಾಯಿ ಕಲಿಸಿದ ಮಾತಿನಲ್ಲಿ ಅಲ್ಲದೆ ದೇವರ ಪ್ರಾರ್ಥನೆ ಹೇಳುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ಕುಳಿತರು. ಬೆತ್ತದ ಏಟು ಬಿತ್ತು. ತಡೆಯಲು ಹೋದ ತಂದೆತಾಯಿಗಳಿಗೆ ಸೆರೆಮನೆಯಾಯಿತು. ನಮ್ಮ ಮಕ್ಕಳು ಪಿಯೆರೋಗಿ ತಿನ್ನುವುದನ್ನು ನಿಲ್ಲಿಸಿ ಕೇಳಿದರು.

ಆಮೇಲೆ ಜರ್ಮನ್ ಮಹಿಳೆ ತಾವಾಗಿ ಮಾತಾಡಿದರು. "ನನ್ನ ಅಜ್ಜಿ ಬ್ರೆಸ್ಲಾವ್ ಊರಿನವರು. 1945ರಲ್ಲಿ ಒಂದು ಕೈಚೀಲ ಹಿಡಿದು ಊರು ಬಿಟ್ಟರು. ಯುದ್ಧದಲ್ಲಿ ಜರ್ಮನಿ ಸೋತಿತು, ಊರು ಪೋಲೆಂಡಿಗೆ ಸೇರಿತು."

ಮಿತಭಾಷಿಯಾದ ಯಜಮಾನರು ಆಗ ಹೇಳಿದರು. "ಆ ಊರಿಗೆ ಈಗ ವ್ರೊತ್ಸ್ವಾಫ್ ಎಂದು ಹೆಸರು. ನಾನು ಹುಟ್ಟಿದ್ದು ಅಲ್ಲೇ. ನನ್ನ ತಾಯಿಯ ಊರು ಪೂರ್ವದಲ್ಲಿತ್ತು. ಅದು ಈಗ ನಮ್ಮ ದೇಶದಲ್ಲಿಲ್ಲ, ಉಕ್ರೇನಿನಲ್ಲಿದೆ. ಇವರ ಅಜ್ಜಿ ಬಿಟ್ಟುಹೋದ ಪಟ್ಟಣಕ್ಕೆ ನನ್ನ ತಾಯಿ ಬಂದು ಸೇರಿದಳು. ಹೀಗಿರುವಾಗ ನನ್ನ ಹಬ್ಬದ ದಿನ ಇವರನ್ನು ಎಲ್ಲಿ ಕೂಡಿಸಲಿ?"

ಯಾರೂ ಮಾತಾಡಲಿಲ್ಲ. ಮರಾಠಿ ಗೃಹಸ್ಥರು ನಮ್ಮತ್ತ ನೋಡಿದರು. ನಾವು ಅವರತ್ತ ನೋಡಿದೆವು. ಬೆಳಗಾವಿಯ ಹೆಸರು ಯಾರ ಬಾಯಿಂದಲೂ ಬರಲಿಲ್ಲ.

ಯಜಮಾನರ ತಾಯಿಯ ಕಥೆ ಕೇಳಿದ ಮೇಲೆ, ಅವರು ಈ ಹಬ್ಬಕ್ಕೆ ಭಾರತಕ್ಕೇ ಏಕೆ ಬಂದರೆಂಬುದು ತಿಳಿಯಿತು. 1939ರ ಸೆಪ್ಟೆಂಬರಿನಲ್ಲಿ ಪಶ್ಚಿಮದಿಂದ ಹಿಟ್ಲರನ ಸೈನ್ಯ, ಪೂರ್ವದಿಂದ ಸೋವಿಯೆತ್ ಸೈನ್ಯ ಪೋಲೆಂಡನ್ನು ಹೊಕ್ಕವು. ಪೂರ್ವ ಭಾಗದ ಲಕ್ಷಗಟ್ಟಲೆ ಜನರನ್ನು ಗಾಡಿಗಳಲ್ಲಿ ತುಂಬಿ ಸೈಬೀರಿಯ, ಕಜಾಕಸ್ತಾನಗಳಿಗೆ ಸಾಗಿಸಿದರು. ಹಸಿವು, ಚಳಿ, ಬೇನೆಗಳಿಂದ ಅನೇಕರು ಸತ್ತರು. 1941ರಲ್ಲಿ ಹಿಟ್ಲರ್ ರಷ್ಯದ ಮೇಲೆಯೇ ಬಿದ್ದಾಗ ಇವರಿಗೆ ಬಿಡುಗಡೆಯಾಯಿತು; 1942ರಲ್ಲಿ ಸಾವಿರಾರು ಜನ ಇರಾನಿಗೆ ಬಂದು ಸೇರಿದರು. ಯುದ್ಧದ ಜಗತ್ತಿನಲ್ಲಿ ಇಷ್ಟು ಹೆಂಗಸರು ಮಕ್ಕಳನ್ನು ಇಟ್ಟುಕೊಳ್ಳುವವರು ಯಾರು? ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜೀ ಅವರು ಜಾಮನಗರದ ಬಳಿ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ನೆಲೆ ಕೊಟ್ಟರು. ಕೊಲ್ಲಾಪುರದ ಹತ್ತಿರ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಜನ ಬಾಳಿದರು. ಶಾಲೆ, ಇಗರ್ಜಿ, ಆಸ್ಪತ್ರೆ, ನಾಟಕ, ಸ್ಕೌಟ್ ದಳ ಎಲ್ಲವನ್ನೂ ಕಟ್ಟಿಕೊಂಡ ಒಂದು ಚಿಕ್ಕ ಪೋಲೆಂಡ್ ಅದು. ಯಜಮಾನರ ತಾಯಿ ಹನ್ನೊಂದು ವರ್ಷದವರಿದ್ದಾಗ ಅಲ್ಲಿಗೆ ಬಂದರು. 1947ರಲ್ಲಿ ಸ್ವದೇಶಕ್ಕೆ ಮರಳಿದರು.

ಮರಳಿದರೆ ಅಲ್ಲಿ ಈ ಹಬ್ಬವೇ ಇರಲಿಲ್ಲ! ನವೆಂಬರ್ 11 ಕಾನೂನಿನ ಪ್ರಕಾರ ರಾಷ್ಟ್ರೀಯ ಹಬ್ಬವಾದದ್ದು 1937ರಲ್ಲಿ. 1945ರಲ್ಲಿ ಹೊಸ ಸರಕಾರ ಅದನ್ನು ತೆಗೆದುಹಾಕಿ ಜುಲೈ 22ನ್ನು ಹಬ್ಬವಾಗಿ ಮಾಡಿತು. ಮತ್ತೆ ಅದು ಹಬ್ಬವಾದದ್ದು 1989ರಲ್ಲಿ. ನಡುವಿನ ವರ್ಷಗಳಲ್ಲಿ ಆ ತಾಯಿ ನವೆಂಬರ್ 11ರ ಸಂಜೆ ಅಡಿಗೆಮನೆಯ ಕಿಟಕಿ ಮುಚ್ಚಿ, ಒಂದು ಮೇಣದ ಬತ್ತಿ ಹಚ್ಚಿ, ಮಕ್ಕಳಿಗೆ ಕೇಳಿಸುವಷ್ಟೇ ದನಿಯಲ್ಲಿ ಹಾಡುತ್ತಿದ್ದರಂತೆ.

"ನಮ್ಮ ತಾಯಿ ಈ ಹಬ್ಬವನ್ನು ಬಾಗಿಲು ತೆರೆದು ಮಾಡಿದ್ದು ನಿಮ್ಮ ದೇಶದಲ್ಲಿ, ಬಾಗಿಲು ಮುಚ್ಚಿ ಮಾಡಿದ್ದು ತನ್ನ ದೇಶದಲ್ಲಿ. ವಳಿವಡೆಯಲ್ಲಿ ಹಾಡುವಾಗ ಬೇಲಿಯ ಆಚೆ ಹಳ್ಳಿಯವರು ಬಂದು ನಿಂತು ಕೇಳುತ್ತಿದ್ದರಂತೆ. ಅದನ್ನು ಕಡೆಯವರೆಗೂ ಹೇಳುತ್ತಿದ್ದಳು. ಅದಕ್ಕೇ ನೂರನೆಯ ವರ್ಷದ ಹಬ್ಬವನ್ನು ಇಲ್ಲಿ, ನೆರೆಯವರನ್ನು ಕರೆದು ಮಾಡಬೇಕೆಂದು ಬಂದೆವು" ಎಂದರು ಯಜಮಾನರು. ಆ ಮಧ್ಯಾಹ್ನವೆಲ್ಲ ಅವರ ಬಾಗಿಲು ತೆರೆದೇ ಇತ್ತು. ಚಳಿಗಾಳಿ ಬೀಸತೊಡಗಿದಾಗ ನಮ್ಮವರೊಬ್ಬರು ಮುಚ್ಚಲು ಎದ್ದರು. ಆಕೆ ಬೇಡವೆಂದು ತಲೆಯಾಡಿಸಿದ್ದೇಕೆಂಬುದು ಆಗ ಅರ್ಥವಾಯಿತು.

ನಮ್ಮ ಕಡೆಯಿಂದಲೂ ಹೇಳಲಿಕ್ಕೆ ಒಂದು ಕಥೆ ಇತ್ತು. ವಾರ್ಸಾದವರಾದ ಮೌರಿಸ್ ಫ್ರೀಡ್‌ಮನ್ ಎಂಬ ಎಂಜಿನಿಯರು 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದಾಗ, ಬೆಂಗಳೂರಿಗೆ ಬಂದು ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಿದರು. ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರಿಂದ ಸಂನ್ಯಾಸ ಪಡೆದು ಭಾರತಾನಂದ ಎಂಬ ಹೆಸರು ಹೊತ್ತರು. ಔಂಧ್ ಸಂಸ್ಥಾನದ ರಾಜರು ಪ್ರಜೆಗಳಿಗೆ ಅಧಿಕಾರ ಬಿಟ್ಟುಕೊಟ್ಟ 1939ರ ಪ್ರಯೋಗದಲ್ಲಿ ಗಾಂಧೀಜಿಯವರ ಜೊತೆ ಕೆಲಸ ಮಾಡಿದರು. ಮುಂಬಯಿಯಲ್ಲಿ ತೀರಿಕೊಂಡರು. ಇದನ್ನು ಹೇಳಿದಾಗ ಆ ಇಬ್ಬರು ತರುಣರು ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು. ಅವರ ನಾಡಿನವರೊಬ್ಬರು ನಮ್ಮ ಕನ್ನಡನಾಡಿನಲ್ಲಿ ದುಡಿದರೆಂದು ಹೇಳುವಾಗ ನಮಗೂ ಹೆಮ್ಮೆಯೇ ಆಯಿತು.

ಮುಂದಿನ ಬೇಸಗೆಯಲ್ಲಿ, 2019ರ ಮೇ ತಿಂಗಳು, ಊರಿಗೆ ಹೋಗುವ ದಾರಿಯಲ್ಲಿ ನಾವು ಕೊಲ್ಲಾಪುರದಲ್ಲಿ ಇಳಿದೆವು. ಮಹಾಲಕ್ಷ್ಮಿಯ ದರ್ಶನ ಮಾಡಿ, ಮಹಾವೀರ ಉದ್ಯಾನದಲ್ಲಿ ಪೋಲೆಂಡಿನವರು ಕೃತಜ್ಞತೆಯಿಂದ ನಿಲ್ಲಿಸಿದ ಸ್ಮಾರಕಸ್ತಂಭವನ್ನು ನೋಡಿದೆವು. ವಳಿವಡೆಗೂ ಹೋದೆವು. ಪೋಲೆಂಡಿನವರು ಹೊರಟ ಮೇಲೆ ಆ ಬಿಡಾರಗಳಿಗೆ ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದರು. ಈಗ ಅದು ಗಾಂಧಿನಗರ. ಬಟ್ಟೆಯ ದೊಡ್ಡ ಪೇಟೆ. ಒಬ್ಬ ನಿರಾಶ್ರಿತರು ಎದ್ದುಹೋದ ಜಾಗದಲ್ಲಿ ಇನ್ನೊಬ್ಬ ನಿರಾಶ್ರಿತರು ಬಂದು ಕುಳಿತ ನೆಲ ಅದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಲ್ಲಿ ಬಾಲ್ಯ ಕಳೆದ ಕೆಲವರು ಮುಪ್ಪಿನಲ್ಲಿ ಮತ್ತೊಮ್ಮೆ ಕೊಲ್ಲಾಪುರಕ್ಕೆ ಬಂದು ಹೋದರೆಂದು ಪತ್ರಿಕೆಯಲ್ಲಿ ಓದಿದೆವು. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ವಾರ್ಸಾದಲ್ಲಿರುವ ಕೊಲ್ಲಾಪುರದ ಸ್ಮಾರಕಕ್ಕೂ ಜಾಮ್ ಸಾಹೇಬರ ಸ್ಮಾರಕಕ್ಕೂ ಹೂವಿಟ್ಟರು.

ಇನ್ನು ನಮ್ಮ ರಾಜ್ಯೋತ್ಸವದ ಮಾತು. ನವೆಂಬರ್ 1ರ ಹಬ್ಬವನ್ನು ನಾವು ಮೊದಲಿನಿಂದಲೂ ನಮ್ಮ ನಮ್ಮಲ್ಲೇ ಮಾಡುತ್ತ ಬಂದವರು. ಕಾರಣ ಹೇಳಬೇಕಾಗಿಲ್ಲ. 1956ರ ಆ ದಿನ ನಮಗೆ ಒಂದುಗೂಡಿದ ದಿನ. ಬೆಳಗಾವಿಯ ಮರಾಠಿಗರಲ್ಲಿ ಹಲವರಿಗೆ ಅದು ಕರಾಳ ದಿನ. ವಾದ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಮೇ 1ರಂದು ಮಹಾರಾಷ್ಟ್ರ ದಿನದ ಧ್ವಜವಂದನೆಗೆ ಕಾಲನಿಯವರು ನಮ್ಮನ್ನು ಕರೆಯುತ್ತಾರೆ, ನಾವು ಹೋಗುತ್ತೇವೆ, ಪೇಢೆ ತಿನ್ನುತ್ತೇವೆ. ನಮ್ಮ ಹಬ್ಬಕ್ಕೆ ಮಾತ್ರ ಅವರನ್ನು ಕರೆಯಲು ನಾಲಗೆ ಏಳುತ್ತಿರಲಿಲ್ಲ. ಅವರಿಗೆ ಮುಜುಗರವಾದೀತೆಂದು ನಾವು, ನಮಗೆ ಬೇಡವೆಂದು ಅವರು; ಹೀಗೆ ವರ್ಷಗಳು ಕಳೆದಿದ್ದವು.

2019ರಲ್ಲಿ ಹಬ್ಬ ನವೆಂಬರ್ 3ರ ಭಾನುವಾರಕ್ಕೆ ಗೊತ್ತಾಯಿತು. ಇಗತಪುರಿಗೆ ಹೋಗಿದ್ದ ಮೂರು ಮನೆಯವರು ಸಭೆಯಲ್ಲಿ ನೆರೆಯವರನ್ನೂ ಕರೆಯೋಣವೆಂದೆವು. ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು; ಕೊನೆಗೆ ಕರೆಯುವುದೆಂದಾಯಿತು. ನಮ್ಮ ಕಟ್ಟಡದ ಕೆಳಮನೆಯಲ್ಲಿ ಬೆಳಗಾವಿಯಿಂದಲೇ ಬಂದ ಮರಾಠಿ ಹಿರಿಯರೊಬ್ಬರು ಇದ್ದಾರೆ. ಮಕ್ಕಳಿಗೆಲ್ಲ ಅವರು ಕಾಕಾ. ಅವರ ಬಾಗಿಲಿಗೆ ಹೋದಾಗ ನಮಗೆ ತುಸು ಅಳುಕೇ ಇತ್ತು. ಕಾಕಾ ಚೀಟಿಯನ್ನು ಎರಡು ಸಲ ಓದಿ, "ವಿಚಾರ ಮಾಡತೇನಿ" ಎಂದರು. ಬೆಳಗಾವಿಯ ಕನ್ನಡದಲ್ಲೇ ಎಂದರು.

ಭಾನುವಾರ ಸಂಜೆ ಅವರು ಬಂದರು. ಕೈಯಲ್ಲಿ ಬೆಳಗಾವಿಯ ಕುಂದಾದ ಪೊಟ್ಟಣ. ನಾಡಗೀತೆಗೆ ಎಲ್ಲರೂ ಎದ್ದಾಗ ಅವರೂ ಎದ್ದು ನಿಂತರು, ಹಾಡಲಿಲ್ಲ. ಹಾಡಬೇಕೆಂದು ಯಾರೂ ಬಯಸಿರಲೂ ಇಲ್ಲ. ನಾವು ಇಗತಪುರಿಯಲ್ಲಿ ನಿಂತದ್ದೂ ಹಾಗೆಯೇ ಅಲ್ಲವೇ? ಅತಿಥಿಯಾದವನು ಇನ್ನೊಬ್ಬರ ಹಬ್ಬದಲ್ಲಿ ಮಾಡಬೇಕಾದದ್ದು ಅಷ್ಟೇ. ಊಟಕ್ಕೆ ಕುಳಿತಾಗ ಅವರು ತಮ್ಮ ಬಾಲ್ಯದ ಶಾಲೆಯ ಕನ್ನಡ ಮೇಷ್ಟ್ರ ಸುದ್ದಿ ತೆಗೆದರು. ಗಡಿಯ ವಾದವನ್ನು ಅವರು ಬಿಟ್ಟುಕೊಟ್ಟಿಲ್ಲ, ನಾವೂ ಬಿಟ್ಟುಕೊಟ್ಟಿಲ್ಲ. ಅದು ಕೋರ್ಟು ತೀರ್ಮಾನಿಸಲಿ. ಅಂದಿನ ರಾತ್ರಿ ಬಿಸಿಬೇಳೆ ಭಾತು ಎರಡನೆಯ ಸಲ ಬಡಿಸಿಕೊಂಡವರಲ್ಲಿ ಕಾಕಾ ಮೊದಲಿಗರು.

ಹಬ್ಬದ ಊಟದ ಕೊನೆಗೆ ಆ ವರ್ಷದಿಂದ ಗಸಗಸೆ ಪಾಯಸವೂ ಇರುತ್ತದೆ. ಏಕೆಂದು ಕೇಳಿದವರಿಗೆ ಮಕ್ಕಳೇ ಪೋಲೆಂಡಿನ ಕಥೆ ಹೇಳುತ್ತಾರೆ. ಹೊರನಾಡಿನ ಸೋದರ ಸೋದರಿಯರಲ್ಲಿ ನಮ್ಮ ಬಿನ್ನಹ ಇಷ್ಟೆ: ಈ ಸಲ ನಿಮ್ಮ ರಾಜ್ಯೋತ್ಸವಕ್ಕೆ ಪಕ್ಕದ ಮನೆಯವರಿಗೂ ಒಂದು ಚೀಟಿ ಕೊಡಿರಿ. ಬಂದರೆ ಸಂತೋಷ, ಬಾರದಿದ್ದರೆ ಮುಂದಿನ ವರ್ಷ ಮತ್ತೊಮ್ಮೆ ಕರೆಯಿರಿ.